ಏಳೆಂಟು ವರ್ಷದ ಮಕ್ಕಳಿಗೆ ಜಾಲದ ಪಾಠವನ್ನೂ ಖಾಸಗಿತನದ ಪಾಠವನ್ನೂ ಒಟ್ಟಿಗೆ ಕಲಿಸುವುದು ಹೇಗೆ?

ಪ್ರಶ್ನೆ (ಪ್ರಾಥಮಿಕ ತರಗತಿಯ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ಏಳರಿಂದ ಎಂಟು ವರ್ಷದ 22 ಮಕ್ಕಳಿರುವ ತರಗತಿಗೆ ನಾನು ಪಾಠ ಮಾಡುತ್ತೇನೆ. ಕಂಪ್ಯೂಟರ್ ವಿಷಯಕ್ಕೆ ಸಿಗುವುದು ವಾರಕ್ಕೊಂದು ಅವಧಿ ಮಾತ್ರ. ಪಾಠಯೋಜನೆಯಲ್ಲಿ "ಜಾಲ ಎಂದರೇನು" ಎಂಬುದು ಒಂದು ಕಡೆ ಇದ್ದರೆ, "ಸುರಕ್ಷತೆ" ಎಂಬುದು ಎಷ್ಟೋ ವಾರಗಳ ನಂತರ ಇನ್ನೊಂದು ಕಡೆ ಬರುತ್ತದೆ. ಮೊದಲನೆಯದರಲ್ಲಿ ಮಕ್ಕಳು ಕಂಪ್ಯೂಟರುಗಳ ಚಿತ್ರ ಬರೆದು ನಡುವೆ ಗೆರೆ ಎಳೆಯುತ್ತಾರೆ. ಎರಡನೆಯದರಲ್ಲಿ ಹೆಸರು ಹೇಳಬಾರದು, ಮನೆಯ ವಿಳಾಸ ಹೇಳಬಾರದು, ಫೋಟೋ ಕಳಿಸಬಾರದು, ಪಾಸ್‌ವರ್ಡ್ ಕೊಡಬಾರದು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ.

ಕಳೆದ ವರ್ಷ ಆ ಪಟ್ಟಿಯನ್ನು ಇಡೀ ತರಗತಿ ತಪ್ಪಿಲ್ಲದೆ ಒಪ್ಪಿಸಿತು. ಅದಾಗಿ ಹತ್ತು ದಿನವೂ ಕಳೆದಿರಲಿಲ್ಲ. ಅದೇ ತರಗತಿಯ ಹುಡುಗಿಯೊಬ್ಬಳು ಒಂದು ಆಟದ ಆಪ್‌ನಲ್ಲಿ ತನ್ನ ಪೂರ್ಣ ಹೆಸರು, ಹುಟ್ಟಿದ ದಿನ, ಓದುತ್ತಿರುವ ಶಾಲೆ ಎಲ್ಲವನ್ನೂ ತುಂಬಿದ್ದಳು. "ಅಪರಿಚಿತರಿಗೆ ಹೇಳಬಾರದು ಎಂದು ಕಲಿತಿದ್ದೆಯಲ್ಲ, ಮಗೂ?" ಎಂದು ಕೇಳಿದೆ. ಅವಳು ನನ್ನನ್ನೇ ಅಚ್ಚರಿಯಿಂದ ನೋಡುತ್ತಾ, "ನಾನು ಯಾರಿಗೂ ಹೇಳಿಲ್ಲ ಮಿಸ್, ಕಂಪ್ಯೂಟರಿಗೆ ಮಾತ್ರ ಹೇಳಿದ್ದು" ಎಂದಳು.

ಆ ಮಾತು ಇಂದಿಗೂ ನನ್ನ ತಲೆಯಿಂದ ಹೋಗಿಲ್ಲ. ಅವಳಿಗೆ ಕಂಪ್ಯೂಟರ್ ಎಂದರೆ ಬಾಗಿಲು ಮುಚ್ಚಿದ ಒಂದು ಪೆಟ್ಟಿಗೆ. ಅದರಾಚೆಗೆ ಬೇರೆ ಯಂತ್ರಗಳಿವೆ, ಆ ಯಂತ್ರಗಳ ಹಿಂದೆ ಜನರಿದ್ದಾರೆ ಎಂಬ ಕಲ್ಪನೆಯೇ ಅವಳಿಗಿರಲಿಲ್ಲ. ಹಾಗಾದರೆ ನಾನು ಕಲಿಸಿದ್ದೇನು? ಈ ವರ್ಷ ನಾಲ್ಕು ಅವಧಿಗಳನ್ನು ಇದಕ್ಕೇ ಮೀಸಲಿಡುತ್ತೇನೆ. ಈ ವಯಸ್ಸಿಗೆ ಎಷ್ಟು ನಿಜ ಹೇಳಬಹುದು, ಯಾವುದನ್ನು ಮೊದಲು ಹೇಳಬೇಕು, ಮಕ್ಕಳಲ್ಲಿ ಭಯ ಹುಟ್ಟಿಸದೆ ಹೇಳುವುದು ಹೇಗೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನೆಟ್‌ವರ್ಕ್ ಎಂಜಿನಿಯರ್)

ಮೇಡಂ, ಆ ಹುಡುಗಿ ನಿಯಮ ಮುರಿದಳು ಎಂದು ನನಗೆ ಅನ್ನಿಸುವುದಿಲ್ಲ. ನಿಯಮದಲ್ಲಿದ್ದ "ಅಪರಿಚಿತರು" ಎಂಬ ಪದಕ್ಕೆ ಪರದೆಯ ಮೇಲೆ ಒಂದು ಮುಖ ಕಾಣಲಿಲ್ಲ, ಅಷ್ಟೆ. ಆದ್ದರಿಂದ ಎರಡು ಪಾಠಗಳನ್ನು ಒಂದಾಗಿಸಿ, ಜಾಲದಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಮಾತು ಹೇಗೆ ಪ್ರಯಾಣ ಮಾಡುತ್ತದೆ ಎಂಬುದು ಕಣ್ಣಿಗೆ ಕಂಡರೆ ಖಾಸಗಿತನದ ಅರ್ಧ ಪಾಠ ತಾನಾಗಿಯೇ ಆಗುತ್ತದೆ.

ಮಕ್ಕಳಿಗಾಗಿ ನಡೆಸಿದ ಒಂದು ಶಿಬಿರದಲ್ಲಿ ನಾನು ಆಡಿಸಿದ ಆಟವನ್ನು ವಿವರಿಸುತ್ತೇನೆ. ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. "ನಾಳೆ ಮರದ ಕೆಳಗೆ ಸಿಗೋಣ" ಎಂಬ ವಾಕ್ಯವನ್ನು ಒಂದು ಚೀಟಿಗೆ ಒಂದು ಪದದಂತೆ ನಾಲ್ಕು ಚೀಟಿಗಳಲ್ಲಿ ಬರೆಯಿಸಿ. ಪ್ರತಿ ಚೀಟಿಯ ಮೇಲೆ ಯಾರಿಂದ, ಯಾರಿಗೆ, ನಾಲ್ಕರಲ್ಲಿ ಎಷ್ಟನೆಯದು ಎಂಬ ಮೂರು ವಿವರಗಳಿರಲಿ. ಕಳಿಸುವ ಮಗು ಕೋಣೆಯ ಒಂದು ತುದಿಯಲ್ಲಿ, ಪಡೆಯುವ ಮಗು ಇನ್ನೊಂದು ತುದಿಯಲ್ಲಿ ಕುಳಿತಿರಲಿ. ನಡುವೆ ನಿಂತ ಮಕ್ಕಳೇ ರೂಟರುಗಳು. ಅವರು ವಿಳಾಸ ನೋಡಿ, ತಮಗೆ ತೋಚಿದ ದಾರಿಯಲ್ಲಿ ಪಕ್ಕದವರಿಗೆ ದಾಟಿಸಬೇಕು. ಚೀಟಿಗಳು ಹಿಂದುಮುಂದಾಗಿ ತಲುಪುತ್ತವೆ, ಪಡೆದ ಮಗು ಸಂಖ್ಯೆ ನೋಡಿ ಜೋಡಿಸುತ್ತದೆ. ನೀವು ಸದ್ದಿಲ್ಲದೆ ಮೂರನೆಯ ಚೀಟಿಯನ್ನು ತೆಗೆದಿಟ್ಟುಕೊಂಡರೆ, "ಮೂರು ಬಂದಿಲ್ಲ, ಮತ್ತೆ ಕಳಿಸು" ಎಂಬ ಕೂಗು ಆ ತುದಿಯಿಂದ ಬಂದೇ ಬರುತ್ತದೆ.

ಮುಖ್ಯವಾದ ಪ್ರಶ್ನೆಯನ್ನು ಕೇಳಬೇಕಾದದ್ದು ಆ ಗಳಿಗೆಯಲ್ಲಿ. ಕಳಿಸಿದವನ ಕೈಯಿಂದ ಚೀಟಿ ಹೋಗಿಬಿಟ್ಟಿದೆ, ಮತ್ತೆ ಕಳಿಸುವುದು ಎಲ್ಲಿಂದ? ನಮ್ಮ ಶಿಬಿರದಲ್ಲಿ ಒಬ್ಬ ಹುಡುಗ ಸ್ವಲ್ಪ ಹೊತ್ತು ತನ್ನ ಖಾಲಿ ಕೈಯನ್ನೇ ನೋಡಿಕೊಂಡು, "ಹಾಗಾದರೆ ಮೊದಲೇ ಇನ್ನೊಂದು ಬರೆದಿಟ್ಟುಕೊಂಡಿರಬೇಕಿತ್ತು" ಎಂದ. ಅಂತರಜಾಲದ ಬಹುಪಾಲು ಕೆಲಸ ನಡೆಯುವುದು ಹಾಗೆಯೇ. ಕಂಪ್ಯೂಟರ್ ಏನನ್ನೂ ಎತ್ತಿ ಕೊಡುವುದಿಲ್ಲ, ನಕಲು ಮಾಡಿ ಕೊಡುತ್ತದೆ.

ಆಟವನ್ನು ಎರಡನೆಯ ಸಲ ಆಡಿಸುವಾಗ ನಡುವಿನ ಮಕ್ಕಳೆಲ್ಲ ಬಂದ ಚೀಟಿಯನ್ನು ನಕಲು ಮಾಡಿಯೇ ಮುಂದಕ್ಕೆ ಕೊಡಲಿ. ದಾರಿಯ ರೂಟರುಗಳು ಸಾಮಾನ್ಯವಾಗಿ ಆ ನಕಲನ್ನು ಕ್ಷಣಮಾತ್ರ ಇಟ್ಟುಕೊಂಡು ಬಿಟ್ಟುಬಿಡುತ್ತವೆ, ಆದ್ದರಿಂದ ಅವರ ಚೀಟಿಗಳು ಒಂದು ಬುಟ್ಟಿಗೆ ಬೀಳಲಿ. ತಲುಪಿದ ಕಡೆಯ ಮಗು ಸರ್ವರ್, ಅಂದರೆ ಬಂದದ್ದನ್ನು ಉಳಿಸಿಟ್ಟುಕೊಳ್ಳುವ ಯಂತ್ರ, ಆಗಿರುವುದರಿಂದ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಕೊನೆಯಲ್ಲಿ ಕಳಿಸಿದ ಮಗುವಿಗೆ ತನ್ನ ಚೀಟಿಯನ್ನು ಹರಿದುಹಾಕಲು ಹೇಳಿ. ಮಾತು ಅಳಿಸಿಹೋಯಿತೇ ಎಂದು ಕೇಳಿದರೆ ಎಲ್ಲರ ಕಣ್ಣೂ ಆ ನೋಟ್‌ಬುಕ್ಕಿನ ಕಡೆ ತಿರುಗುತ್ತದೆ.

ಮಾತನ್ನು ಹೀಗೆ ತುಂಡು ಮಾಡಿ ಕಳಿಸುವ ಯೋಚನೆ 1960ರ ದಶಕದ್ದು. ಅಮೆರಿಕದಲ್ಲಿ ಪಾಲ್ ಬ್ಯಾರನ್, ಬ್ರಿಟನ್ನಿನಲ್ಲಿ ಡೊನಾಲ್ಡ್ ಡೇವಿಸ್ ತಮ್ಮಷ್ಟಕ್ಕೆ ತಾವೇ ಅದನ್ನು ರೂಪಿಸಿದರು. ಆ ತುಂಡಿಗೆ "ಪ್ಯಾಕೆಟ್" ಎಂಬ ಹೆಸರನ್ನು ಕೊಟ್ಟವರು ಡೇವಿಸ್. 1969ರ ಅಕ್ಟೋಬರ್ 29ರಂದು ಅರ್ಪಾನೆಟ್ ಎಂಬ ಜಾಲದಲ್ಲಿ, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ಕಳಿಸಬೇಕಾಗಿದ್ದುದು "ಲಾಗಿನ್" ಎಂಬ ಪದ. ಎಲ್ ಮತ್ತು ಓ ಎಂಬ ಎರಡು ಅಕ್ಷರ ತಲುಪುವಷ್ಟರಲ್ಲಿ ಆ ತುದಿಯ ಯಂತ್ರ ಕುಸಿಯಿತು. ಚೀಟಿ ಕಳೆದುಹೋದ ಮಕ್ಕಳಿಗೆ ಈ ಕಥೆ ಬಹಳ ಇಷ್ಟವಾಗುತ್ತದೆ. ಅಳತೆಯ ಅಂದಾಜು ಬೇಕೆಂದರೆ, ತಂತಿಯಿಂದ ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್ ಜಾಲದಲ್ಲಿ ಒಂದು ತುಂಡಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್ (ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರ ಹಿಡಿಸುವಷ್ಟು ಅಳತೆ) ಹಿಡಿಸುತ್ತದೆ. ಮೂವತ್ತು ಲಕ್ಷ ಬೈಟಿನ ಒಂದು ಫೋಟೋ ಎರಡು ಸಾವಿರಕ್ಕೂ ಹೆಚ್ಚು ಚೀಟಿಗಳಾಗಿ ಹೊರಡುತ್ತದೆ ಎಂದರೆ ಅವರ ಬಾಯಿ ತೆರೆದೇ ಇರುತ್ತದೆ.

ಕೊನೆಗೆ ಪದದ ಬಗ್ಗೆ ಒಂದು ಮಾತು. ನಾವೆಲ್ಲ "ಫೋಟೋ ಹಂಚಿಕೊಳ್ಳಿ", "ಮಾಹಿತಿ ಹಂಚಿಕೊಳ್ಳಿ" ಎಂದು ಸಲೀಸಾಗಿ ಹೇಳುತ್ತೇವೆ. ಮಗುವಿಗೆ ಹಂಚುವುದು ಎಂದರೆ ಹತ್ತು ಮಣಿಗಳಲ್ಲಿ ಐದನ್ನು ಗೆಳತಿಗೆ ಕೊಟ್ಟು ಐದನ್ನು ತಾನಿಟ್ಟುಕೊಳ್ಳುವುದು. ಹಂಚಿದ್ದು ಕಡಿಮೆಯಾಗುತ್ತದೆ, ಜಗಳವಾದರೆ ವಾಪಸ್ಸೂ ಕೇಳಬಹುದು, ಮೇಲಾಗಿ ಹಂಚುವುದು ಒಳ್ಳೆಯ ಗುಣ ಎಂದು ನಾವೇ ಕಲಿಸಿರುತ್ತೇವೆ. ಕಂಪ್ಯೂಟರಿನಲ್ಲಿ ಹಂಚಿದ್ದು ಹೆಚ್ಚಾಗುತ್ತದೆ ಮತ್ತು ವಾಪಸ್ಸು ಬರುವುದಿಲ್ಲ. ಈ ಪಾಠ ಮುಗಿಯುವ ತನಕವಾದರೂ "ಹಂಚಿಕೊಳ್ಳುವುದು" ಎನ್ನುವ ಕಡೆಯಲ್ಲೆಲ್ಲ "ನಕಲು ಕೊಡುವುದು" ಎಂದೇ ಹೇಳಿ ನೋಡಿ.

ಉತ್ತರ 2 (ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು)

ಮೇಲಿನ ಉತ್ತರವನ್ನು ಮನಸಾರೆ ಒಪ್ಪುತ್ತೇನೆ. ಇಂಥದೇ ಚೀಟಿ ಆಟವನ್ನು ಹಲವು ವರ್ಷ ಆಡಿಸಿದವನು ನಾನು. ಆಡಿಸುವಾಗ ಆಗುವ ಒಂದೆರಡು ಸಂಗತಿಗಳಿಗೆ ತಾವು ಮೊದಲೇ ಸಿದ್ಧರಾಗಿರುವುದು ಒಳ್ಳೆಯದು.

ನಡುವೆ ನಿಂತ ಮಗು ಚೀಟಿಯನ್ನು ಓದಿಯೇ ಓದುತ್ತದೆ, ಗಟ್ಟಿಯಾಗಿ. ಒಮ್ಮೆ ಹಾಗೆ ಓದಿದ ಹುಡುಗನನ್ನು ಉಳಿದವರೆಲ್ಲ ಗದರಿದಾಗ ಅವನು, "ನನ್ನ ಕೈಗೆ ಬಂತು, ಓದಿದೆ. ಓದಬಾರದು ಎಂದು ಎಲ್ಲಿ ಬರೆದಿತ್ತು?" ಎಂದ. ಅವನನ್ನು ದಯವಿಟ್ಟು ಗದರಬೇಡಿ, ಮುಂದಿನ ಪಾಠಕ್ಕೆ ದಾರಿ ಮಾಡಿಕೊಟ್ಟವನೇ ಅವನು. ಬಿಡಿ ಚೀಟಿ ಎಂದರೆ ಅಂಚೆ ಕಾರ್ಡಿದ್ದಂತೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಹಾಗಾದರೆ ಏನು ಮಾಡೋಣ ಎಂದು ಕೇಳಿದರೆ, ಲಕೋಟೆಗೆ ಹಾಕೋಣ ಎನ್ನುವವರೂ ಮಕ್ಕಳೇ, ಗುಟ್ಟಿನ ಅಕ್ಷರದಲ್ಲಿ ಬರೆಯೋಣ ಎನ್ನುವವರೂ ಮಕ್ಕಳೇ. ಪ್ರತಿ ಅಕ್ಷರಕ್ಕೆ ಬದಲಾಗಿ ವರ್ಣಮಾಲೆಯಲ್ಲಿ ಮೂರು ಮನೆ ಮುಂದಿನ ಅಕ್ಷರವನ್ನು ಬರೆಯುವ ಉಪಾಯ ರೋಮಿನ ಜೂಲಿಯಸ್ ಸೀಸರನಷ್ಟು ಹಳೆಯದು, ಎಂಟು ವರ್ಷದ ಮಗು ಹತ್ತು ನಿಮಿಷದಲ್ಲಿ ಅದನ್ನು ಕಲಿಯುತ್ತದೆ. ಇಂದಿನ ಗೂಢಲಿಪಿಗಳು ಅದಕ್ಕಿಂತ ಎಷ್ಟೋ ಪಾಲು ಗಟ್ಟಿಯಾದವು, ಆದರೆ ಅವುಗಳ ಉದ್ದೇಶ ಅದೇ: ದಾರಿಯಲ್ಲಿರುವವರ ಕೈಗೆ ಸಿಕ್ಕರೂ ಅರ್ಥ ಸಿಗಬಾರದು.

ಲಕೋಟೆಯ ಪಾಠವನ್ನು ಅಲ್ಲಿಗೇ ನಿಲ್ಲಿಸಿದರೆ ಮಾತ್ರ ಅದು ಅಪಾಯಕಾರಿ. ಮುಚ್ಚಿದ ಲಕೋಟೆಯ ಮೇಲೂ ವಿಳಾಸ ತೆರೆದೇ ಇರಬೇಕು, ಇಲ್ಲದಿದ್ದರೆ ಅದು ತಲುಪುವುದಿಲ್ಲ. ಆದ್ದರಿಂದ ನಡುವಿನ ಮಗುವಿಗೆ ಒಳಗಿನ ಮಾತು ಗೊತ್ತಾಗದಿದ್ದರೂ ಯಾರು ಯಾರಿಗೆ ಎಷ್ಟು ಸಲ ಬರೆದರು ಎಂಬುದು ಗೊತ್ತಾಗುತ್ತದೆ. ಇನ್ನೂ ಮುಖ್ಯವಾದದ್ದು, ಲಕೋಟೆಯನ್ನು ಒಡೆದು ಓದುವ ಮನುಷ್ಯ ಒಳ್ಳೆಯವನೋ ಅಲ್ಲವೋ ಎಂಬುದನ್ನು ಲಕೋಟೆ ಹೇಳಲಾರದು. ಕೆಲವು ಬ್ರೌಸರುಗಳಲ್ಲಿ ಜಾಲತಾಣದ ವಿಳಾಸದ ಪಕ್ಕ ಕಾಣುವ ಬೀಗದ ಗುರುತು ನೋಡಿ "ಇದು ಸುರಕ್ಷಿತ ಜಾಲತಾಣ" ಎಂದು ಮಕ್ಕಳಿಗೆ ಹೇಳಿಕೊಡುವ ದೊಡ್ಡವರು ಬಹಳ ಜನ ಇದ್ದಾರೆ. ಆ ಬೀಗ ಹೇಳುವುದು ದಾರಿಯಲ್ಲಿ ಮಾತು ಲಕೋಟೆಯೊಳಗೆ ಹೋಗುತ್ತದೆ ಎಂದಷ್ಟೇ. ಮೋಸ ಮಾಡುವ ತಾಣವೂ ಆ ಬೀಗವನ್ನು ಹಾಕಿಕೊಳ್ಳಬಹುದು. ತಮ್ಮ ಆ ಹುಡುಗಿಯ ವಿಷಯದಲ್ಲೂ ದಾರಿಯಲ್ಲಿ ಯಾರೂ ಕದಿಯಲಿಲ್ಲ, ತಲುಪಿದ ಕಡೆ ಯಾರಿದ್ದಾರೆ ಎಂದು ಅವಳು ಕೇಳಿಕೊಳ್ಳಲಿಲ್ಲ.

ಎರಡನೆಯ ಸಂಗತಿ, ಪಟ್ಟಿಯ ಕುರಿತು. ಹೆಸರು ಹೇಳಬಾರದು ಎಂದು ಕಲಿತ ಮಗು ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೇಳಿಬಿಡುತ್ತದೆ, ಏಕೆಂದರೆ ಬಿಡಿ ವಿವರಗಳಿಂದ ಏನೂ ತಿಳಿಯದು ಎಂದು ಅದರ ನಂಬಿಕೆ. ಲಟಾನ್ಯಾ ಸ್ವೀನಿ ಎಂಬ ಕಂಪ್ಯೂಟರ್ ವಿಜ್ಞಾನಿ 1990ರ ಜನಗಣತಿಯ ಅಂಕಿಗಳನ್ನು ಹಿಡಿದು, ಹುಟ್ಟಿದ ದಿನಾಂಕ, ಲಿಂಗ ಮತ್ತು ಐದಂಕಿಯ ಅಂಚೆ ಸಂಖ್ಯೆ ಎಂಬ ಮೂರೇ ವಿವರಗಳು ಸೇರಿದರೆ ಅಮೆರಿಕದ ಜನರಲ್ಲಿ ಶೇಕಡಾ 87ರಷ್ಟು ಮಂದಿಯನ್ನು ಗುರುತಿಸಿಬಿಡುವ ಸಾಧ್ಯತೆ ಇದೆ ಎಂದು 2000ದಲ್ಲಿ ತೋರಿಸಿದರು. ಅಲ್ಲಿ ಹೆಸರು ಬೇಕಾಗಲೇ ಇಲ್ಲ.

ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಎಲ್ಲರನ್ನೂ ನಿಲ್ಲಿಸಿ, ಮನಸ್ಸಿನಲ್ಲಿ ಒಬ್ಬರನ್ನು ಇಟ್ಟುಕೊಂಡು ಒಂದೊಂದೇ ಸುಳಿವು ಕೊಡುತ್ತಾ ಹೊಂದದವರನ್ನು ಕೂರಿಸುತ್ತಾ ಹೋದರೆ, ಮೂರನೆಯ ಅಥವಾ ನಾಲ್ಕನೆಯ ಸುಳಿವಿಗೆ ಒಬ್ಬರೇ ನಿಂತಿರುತ್ತಾರೆ. ನಾನು ಮೊದಲ ಸಲ ಹೀಗೆ ಮಾಡಿದಾಗ ಕೊನೆಗೆ ಉಳಿದ ಹುಡುಗ ಎಲ್ಲರ ನೋಟ ತನ್ನ ಮೇಲೆ ಬಿದ್ದದ್ದನ್ನು ಕಂಡು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಖಾಸಗಿತನ ಕಲಿಸಲು ಹೋಗಿ ಅದನ್ನೇ ಕಿತ್ತುಕೊಂಡೆನಲ್ಲ ಎಂದು ಅಂದು ಬಹಳ ನೊಂದುಕೊಂಡೆ. ಅಂದಿನಿಂದ ಕಾಲ್ಪನಿಕ ಪಾತ್ರಗಳ ಚಿತ್ರವಿರುವ ಕಾರ್ಡುಗಳನ್ನು ಗೋಡೆಗೆ ಅಂಟಿಸಿ, ಹೊಂದದ ಕಾರ್ಡನ್ನು ಮಗುಚುತ್ತಾ ಆಡಿಸುತ್ತೇನೆ. ಚೀಟಿ ಆಟದಲ್ಲೂ ಮಕ್ಕಳ ಸ್ವಂತ ಗುಟ್ಟುಗಳನ್ನು ಬರೆಯಿಸಬೇಡಿ.

ಈ ವಯಸ್ಸಿನ ಮಗು ಮುಂದಾಗುವುದನ್ನು ತೂಗಿನೋಡಿ ತೀರ್ಮಾನಿಸಲಿ ಎಂದು ನಿರೀಕ್ಷಿಸಬಾರದು. ತುಂಬುವ ಮೊದಲು ನಿಂತು, "ಇದರ ನಕಲು ಯಾರಿಗೆ ಹೋಗುತ್ತದೆ?" ಎಂದು ಕೇಳಿಕೊಳ್ಳುವುದು, ಉತ್ತರ ಗೊತ್ತಿಲ್ಲದಿದ್ದರೆ ನಂಬಿಕೆಯ ದೊಡ್ಡವರೊಬ್ಬರನ್ನು ಕರೆಯುವುದು, ಇಷ್ಟು ಅಭ್ಯಾಸವಾದರೆ ಸಾಕು.

ಉತ್ತರ 3 (ಇಬ್ಬರು ಮಕ್ಕಳ ತಾಯಿ)

ಹಿರಿಯರಿಬ್ಬರೂ ಬರೆದದ್ದು ಬಹಳ ಉಪಯುಕ್ತವಾಗಿದೆ. ಆದರೂ ನನ್ನದೊಂದು ಆಕ್ಷೇಪವಿದೆ. ನಾವು ಇಡೀ ಹೊಣೆಯನ್ನು ಏಳು ವರ್ಷದ ಮಗುವಿನ ಹೆಗಲಿಗೆ ಏರಿಸುತ್ತಿಲ್ಲವೇ?

ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 16ನೆಯ ವಿಧಿ, ಮಗುವಿನ ಖಾಸಗಿತನದಲ್ಲಿ ಯಾರೂ ಮನಬಂದಂತೆ ಕೈಹಾಕಬಾರದು ಎನ್ನುತ್ತದೆ. ಖಾಸಗಿತನ ಅಲ್ಲಿ ಮಗುವಿನ ಹಕ್ಕು. ಅದನ್ನು ಕಾಪಾಡುವ ಕೆಲಸ ದೊಡ್ಡವರದು. ಹದಿಮೂರು ವರ್ಷದೊಳಗಿನ ಮಕ್ಕಳಿಂದ ತಂದೆತಾಯಿಯ ಒಪ್ಪಿಗೆಯಿಲ್ಲದೆ ಆನ್‌ಲೈನ್ ಸೇವೆಗಳು ವಿವರ ಸಂಗ್ರಹಿಸುವುದನ್ನು ಅಮೆರಿಕ 1998ರ ಕಾಯ್ದೆಯಲ್ಲೇ ನಿರ್ಬಂಧಿಸಿತು. 2018ರಲ್ಲಿ ಜಾರಿಗೆ ಬಂದ ಯುರೋಪಿನ ದತ್ತಾಂಶ ರಕ್ಷಣಾ ನಿಯಮವು ಮಗು ತಾನೇ ಒಪ್ಪಿಗೆ ಕೊಡುವ ವಯಸ್ಸನ್ನು 16 ಎಂದಿಟ್ಟು, ಅದನ್ನು 13ರವರೆಗೆ ಇಳಿಸಿಕೊಳ್ಳುವ ಅವಕಾಶವನ್ನು ಸದಸ್ಯ ದೇಶಗಳಿಗೆ ಕೊಟ್ಟಿದೆ. ಆ ಆಟದ ಆಪ್ ಎಳೆಯ ಹುಡುಗಿಯಿಂದ ಹುಟ್ಟಿದ ದಿನವನ್ನೂ ಶಾಲೆಯ ಹೆಸರನ್ನೂ ಕೇಳಿದ್ದೇ ಮೊದಲ ತಪ್ಪು. ಮಗು ಉತ್ತರಿಸಿದ್ದು ಆಮೇಲಿನ ಮಾತು.

ಇನ್ನು ನಮ್ಮ ಮನೆಗಳ ವಿಷಯ. ಮಗು ಒಂದಕ್ಷರ ಟೈಪ್ ಮಾಡಲು ಕಲಿಯುವ ಮೊದಲೇ ಅದರ ನೂರಾರು ಫೋಟೋಗಳ ನಕಲುಗಳನ್ನು ನಾವೇ ಕೊಟ್ಟು ಮುಗಿಸಿರುತ್ತೇವೆ. ಮೊಬೈಲಿನಲ್ಲಿ ತೆಗೆದ ಫೋಟೋದ ಒಳಗೆ ಚಿತ್ರವಷ್ಟೇ ಇರುವುದಿಲ್ಲ. ತೆಗೆದ ದಿನ, ಹೊತ್ತು, ಮೊಬೈಲಿನ ಮಾದರಿ ಇರುತ್ತವೆ, ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ತೆಗೆದ ಜಾಗವೂ ಇರುತ್ತದೆ. ಕೆಲವು ಆಪ್‌ಗಳು ಕಳಿಸುವಾಗ ಇವನ್ನು ತೆಗೆದುಹಾಕುತ್ತವೆ, ಮೂಲ ಕಡತವನ್ನೇ ಕಳಿಸಿದರೆ ಎಲ್ಲವೂ ಜೊತೆಗೇ ಹೋಗುತ್ತವೆ. ಒಂದು ಸಂಜೆ ನನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನದೇ ಒಂದು ಫೋಟೋದ ವಿವರಗಳನ್ನು ತೆರೆದು ತೋರಿಸಿದೆ. ಕೆಳಗೆ ಚಿಕ್ಕದೊಂದು ನಕ್ಷೆ, ಅದರ ಮೇಲೆ ಒಂದು ಚುಕ್ಕೆ ಮೂಡಿತು. ಅವನು ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ ದೊಡ್ಡದು ಮಾಡುತ್ತಾ ಹೋಗಿ, "ಅಮ್ಮಾ, ಇದು ನಮ್ಮ ಮನೆ" ಎಂದ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಈ ಫೋಟೋ ಯಾರ್ಯಾರ ಹತ್ತಿರ ಇದೆ?" ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ.

ಅಂದಿನಿಂದ ಅವನ ಫೋಟೋ ಕಳಿಸುವ ಮೊದಲು ಅವನನ್ನು ಕೇಳುತ್ತೇನೆ. ಒಮ್ಮೆ ಬೇಡವೆಂದ, ಅವನ ಅಜ್ಜಿಗೆ ಬೇಸರವಾಯಿತು, ಆದರೂ ಕಳಿಸಲಿಲ್ಲ. ತನ್ನ "ಬೇಡ" ಎಂಬ ಮಾತಿಗೆ ಮನೆಯಲ್ಲಿ ಬೆಲೆಯಿದೆ ಎಂದು ಕಂಡುಕೊಂಡ ಮಗು ಆಪ್‌ಗೂ "ಬೇಡ" ಎನ್ನಬಲ್ಲದು ಎಂದು ನನ್ನ ನಂಬಿಕೆ. ಮೇಡಂ, ನಾಲ್ಕು ಅವಧಿಗಳಲ್ಲಿ ಒಂದಕ್ಕೆ ಪೋಷಕರನ್ನೂ ಕರೆಯಿರಿ. ಶಾಲೆಯ ಗುಂಪುಗಳಿಗೆ ಹೋಗುವ ಮಕ್ಕಳ ಫೋಟೋಗಳ ಬಗ್ಗೆಯೂ ಅಲ್ಲಿಯೇ ಮಾತಾಗಲಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಮಾತುಗಳನ್ನು ಮುಂದಿಟ್ಟುಕೊಂಡು ಎರಡು ಅವಧಿಗಳನ್ನು ಮುಗಿಸಿದ್ದೇನೆ. "ನಕಲು ಕೊಡುವುದು" ಎಂಬ ಮಾತು ಮಕ್ಕಳ ಬಾಯಲ್ಲಿ ಎಷ್ಟು ಬೇಗ ನೆಲೆಯಾಯಿತೆಂದರೆ, ಮಧ್ಯಾಹ್ನ ಒಬ್ಬಳು ಇನ್ನೊಬ್ಬಳಿಗೆ ಗುಟ್ಟು ಹೇಳುವ ಮೊದಲು "ನಕಲು ಮಾಡಬಾರದು" ಎಂದು ಮಾತು ತೆಗೆದುಕೊಳ್ಳುತ್ತಿದ್ದಳು. ಕಾರ್ಡಿನ ಆಟ ಚೆನ್ನಾಗಿ ನಡೆಯಿತು. ಸುಳಿವಿನ ಎಚ್ಚರಿಕೆಯನ್ನು ಮೊದಲೇ ಕೊಟ್ಟದ್ದಕ್ಕೆ ಗುರುಗಳಿಗೆ ಋಣಿ. ಇಲ್ಲದಿದ್ದರೆ ನಾನೂ ಮಕ್ಕಳನ್ನೇ ನಿಲ್ಲಿಸುತ್ತಿದ್ದೆ. ಪೋಷಕರ ಅವಧಿ ಮುಂದಿನ ವಾರ ನಡೆಯುತ್ತದೆ.

ಆದರೆ ಎರಡು ಪ್ರಶ್ನೆಗಳಿಗೆ ನಾನು ಸರಿಯಾಗಿ ಉತ್ತರಿಸಲಾಗಲಿಲ್ಲ. ಒಬ್ಬ ಹುಡುಗ, "ನಾನು ಏನನ್ನೂ ತುಂಬಿರಲಿಲ್ಲ, ಆದರೂ ಮರುದಿನ ತೆರೆದಾಗ ನಾನು ನಿನ್ನೆ ನೋಡಿದ್ದೇ ಮೊದಲು ಬಂತು, ಅದಕ್ಕೆ ಹೇಗೆ ಗೊತ್ತಾಯಿತು?" ಎಂದ. ಇನ್ನೊಬ್ಬಳು ತರಗತಿ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು, ತಾನು ಆಗಲೇ ಒಂದು ಕಡೆ ಎಲ್ಲವನ್ನೂ ತುಂಬಿಬಿಟ್ಟಿದ್ದೇನೆ, ಇನ್ನು ಏನಾಗುತ್ತದೆ ಎಂದು ಅಳುಮುಖದಲ್ಲಿ ಕೇಳಿದಳು. ಭಯ ಹುಟ್ಟಿಸಬಾರದು ಎಂದುಕೊಂಡಿದ್ದೆ, ಹುಟ್ಟಿಯೇಬಿಟ್ಟಿತು.

ಉತ್ತರ 4 (ನೆಟ್‌ವರ್ಕ್ ಎಂಜಿನಿಯರ್)

ಹುಡುಗನ ಪ್ರಶ್ನೆಗೆ ಟೋಕನ್ನಿನ ಆಟವಿದೆ. ಜಾಲತಾಣಕ್ಕೆ ತಾನಾಗಿ ನೆನಪಿರುವುದಿಲ್ಲ. ಪ್ರತಿ ಸಲ ಬಾಗಿಲು ತಟ್ಟಿದವರೂ ಅದಕ್ಕೆ ಹೊಸಬರೇ. ಆದ್ದರಿಂದ ಮೊದಲ ಸಲ ಬಂದಾಗ ಅದು ಬ್ರೌಸರಿನ ಕೈಗೆ ಒಂದು ಸಂಖ್ಯೆಯ ಟೋಕನ್ ಕೊಟ್ಟು ಕಳಿಸುತ್ತದೆ, ಮರಳಿ ಬಂದಾಗ ಬ್ರೌಸರ್ ಅದನ್ನು ತೋರಿಸುತ್ತದೆ, ಆ ಸಂಖ್ಯೆಯ ಎದುರು ಏನೇನು ಬರೆದುಕೊಂಡಿದೆ ಎಂದು ತಾಣ ತನ್ನ ಪುಸ್ತಕ ತೆರೆದು ನೋಡುತ್ತದೆ. ಇದನ್ನು "ಕುಕಿ" ಎನ್ನುತ್ತಾರೆ. ನೆಟ್‌ಸ್ಕೇಪ್ ಎಂಬ ಬ್ರೌಸರ್ ತಯಾರಿಸುತ್ತಿದ್ದ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ 1994ರಲ್ಲಿ ಇದನ್ನು ರೂಪಿಸಿದರು. ತರಗತಿಯ ನಾಲ್ಕು ಮೂಲೆಗಳನ್ನು ನಾಲ್ಕು ತಾಣಗಳೆಂದು ಮಾಡಿ, ಪ್ರತಿ ಮೂಲೆಯಲ್ಲೂ ಒಬ್ಬರು ನಿಂತು, ಬಂದ ಮಗುವಿಗೆ ತಮ್ಮದೇ ಟೋಕನ್ ಕೊಟ್ಟು, ಅದು ಬಂದದ್ದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ. ಆಮೇಲೆ ಒಬ್ಬರೇ ನಾಲ್ಕೂ ಮೂಲೆಗಳಲ್ಲಿ ಒಂದೇ ಟೋಕನ್ ನೋಡಿ ಬರೆದುಕೊಳ್ಳಲಿ. ಎರಡನೆಯ ಪುಸ್ತಕದಲ್ಲಿ ಒಂದು ಮಗುವಿನ ಇಡೀ ಓಡಾಟ ಕಾಣುತ್ತದೆ. ಹಲವು ತಾಣಗಳಲ್ಲಿ ಜಾಹೀರಾತು ತೋರಿಸುವ ಜಾಲಗಳು ಎಷ್ಟೋ ಕಡೆ ಕೆಲಸ ಮಾಡುವುದು ಹೀಗೆಯೇ. ಹುಡುಗ ಆಪ್ ತೆರೆದಿದ್ದರೆ ಅಥವಾ ಮನೆಯವರ ಖಾತೆಯಲ್ಲೇ ನೋಡುತ್ತಿದ್ದರೆ ಆ ಗುರುತು ಕುಕಿಯ ಬದಲು ಖಾತೆಯಲ್ಲೋ ಆಪ್‌ನ ಒಳಗೋ ಇರಬಹುದು, ಅದನ್ನೂ ಹೇಳಿ.

ಆ ಹುಡುಗಿಗೆ ಮೊದಲು ಹೇಳಬೇಕಾದದ್ದು, ಬಂದು ಹೇಳಿದ್ದು ಒಳ್ಳೆಯದಾಯಿತು ಎಂಬ ಮಾತು. ಎಲ್ಲವೂ ಅಳಿಸಿಹೋಗುತ್ತದೆ ಎಂದು ಸುಳ್ಳು ಸಮಾಧಾನ ಹೇಳಬೇಡಿ, ಏನೂ ಮಾಡಲಾಗದು ಎಂದೂ ಹೇಳಬೇಡಿ. ಆಪ್ ಅನ್ನು ಮೊಬೈಲಿನಿಂದ ತೆಗೆದುಹಾಕಿದರೆ ಖಾತೆ ಹೋಗುವುದಿಲ್ಲ, ಅದು ಸರ್ವರಿನಲ್ಲಿ ಹಾಗೆಯೇ ಇರುತ್ತದೆ. ಆದ್ದರಿಂದ ಮೊದಲು ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನೇ ಅಳಿಸುವ ಆಯ್ಕೆ ಹುಡುಕಿ, ಇಲ್ಲದಿದ್ದರೆ ಮಗುವಿನ ವಿವರ ಅಳಿಸುವಂತೆ ಪೋಷಕರಿಂದಲೇ ಆ ಸೇವೆಯವರಿಗೆ ಬರೆಯಿಸಿ, ಆಮೇಲೆ ಆಪ್ ತೆಗೆಯಿರಿ. ಬ್ಯಾಕಪ್ಪಿನಲ್ಲಿ, ಅಂದರೆ ಸೇವೆಯವರು ಕಾಪಿಗಾಗಿ ಬೇರೆಡೆ ತೆಗೆದಿಟ್ಟ ಸಂಗ್ರಹದಲ್ಲಿ, ಇರುವ ನಕಲು ಅಳಿಯಲು ಇನ್ನೂ ಸ್ವಲ್ಪ ಕಾಲ ಹಿಡಿಯಬಹುದು. ಅಲ್ಲಿ ಕೊಟ್ಟ ಪಾಸ್‌ವರ್ಡನ್ನೇ ಬೇರೆಡೆಯೂ ಬಳಸಿದ್ದರೆ ಅಲ್ಲಿ ಬದಲಾಯಿಸಿ. ಸಾಧ್ಯವಾದರೆ ಈ ಕೆಲಸವನ್ನೆಲ್ಲ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಲು ಅವರ ಮನೆಯವರಿಗೆ ತಿಳಿಸಿ, ಆ ಪತ್ರದಲ್ಲಿ ಏನು ಬರೆದರು ಎಂಬುದನ್ನು ಅವಳೂ ಓದಲಿ.